ಅಯ್ನೋರು ಬೆರಳೆತ್ತೋ ಮುಂಚೆ

ನಿಂತ್ಕಂಡು ಬೈಬ್ಯಾಡ್ರಿ ಮುರುಗೇಶಪ್ಪಾರೆ, ಕುಂತ್ಕಂಡು ಬೈರಿ. ಈ ಡ್ರಮ್ ತೆಗೀತೀನಿ, ಕೆಳಗೆ ಕುರ್ಚಿ ಐತೆ... ಬ್ಯಾಡ್ವಾ? ಆತು, ನಿಂತೇ ಬೈರಿ. ಈ ತಿಪ್ಪೇರುದ್ರಸ್ವಾಮಿ ನ್ಯಾಮತಿಯಾಗೆ ಬ್ಯಾಂಡ್ ಸೆಟ್ ಕಟ್ಟಿದಾಗಿಂದ ಬೈಸ್ಕಂತಾನೇ ಬಂದಾನೆ.

ತಪ್ಪು ನಂದೇ ರೀ. ನಿಮ್ಮ ಅಕ್ಕನ ಮಗ ಮುಹೂರ್ತಕ್ಕೆ ಮುಂಚೆನೇ ತಾಳಿ ಕಟ್ಟಿದ್ದು ನನ್ನ ಸಿಂಫೋನಿಯಿಂದ. ಏನದು ಅಂತೀರಾ? ರೇಡಿಯೋದಾಗೆ ಬಂದಿತ್ತು. ರಾಶಿ ಪಿಟೀಲು, ಕಹಳೆ, ಅವುಗಳ ನಡುವೆ ನಮ್ಮ ಸಿತಾರು. ಹೊಸ ಬೀಗ್ರ ಥರ ಮೊದ್ಲು ಬಿಗುಮಾನ, ಆಮೇಲೆ ಎಲ್ಲಾ ಒಂದೇ ಪಂಕ್ತಿಯಾಗೆ ಕುಂತು ಉಂಡಂಗೆ... ನಾನು ಅತ್ತೇಬಿಟ್ಟೆ. ಯಾಕ್ರೀ ನಗ್ತೀರಾ?

ಅವತ್ತೇ ಗೋವಿನಕೋವಿಗೆ ಹೋದೆ, ವಾಲಗದ ಸಣ್ಣಪ್ಪನ ತಾವ. ನಿನ್ನ ಶಹನಾಯಿ, ಡೋಲು, ನನ್ನ ಕ್ಲಾರಿನೆಟ್ಟು, ಟ್ರಂಪೆಟ್ಟು, ಸೇರ್ಸಾನ ಅಂದೆ. "ಮಂಟಪಕ್ಕೆ ವಾಲಗ, ಬೀದಿ ಮೆರವಣಿಗೆಗೆ ಬ್ಯಾಂಡು. ಸೇರ್ಸದು ಹೆಂಗೆ?" ಅಂದ. ಅವ್ನನ್ನ ಒಪ್ಸಾಕೆ ಒಂದು ಬ್ಯಾಸಿಗೆನೇ ಹೋತು.

ಮದ್ವೆ ದಿನ ಮಂಟಪದಾಗೆ ಮೆಲ್ಲಗೆ ನುಡಿಸ್ತಿದ್ವಿ. ಜೋರು ಭಾಗ ಬಂತು, ಕೋಲೆತ್ತಿದೆ, ಎಲ್ಲಾ ವಾದ್ಯ ಒಮ್ಮೆಗೇ ಮೊಳಗಿದ್ವು. ಜನ ಗಟ್ಟಿಮೇಳ ಅಂದ್ಕಂಡು ಅಕ್ಷತೆ ಎಸೆದೇಬಿಟ್ರು. ನಿಮ್ಮ ಅಳಿಯ ಗಾಬ್ರಿಯಾಗೆ ತಾಳಿ ಕಟ್ಟೇಬಿಟ್ಟ. ಗಟ್ಟಿಮೇಳಕ್ಕೆ ಸನ್ನೆ ಮಾಡ್ಬೇಕಾದ ಅಯ್ನೋರ ಬೆರಳು ಇನ್ನೂ ಮಡಿಚೇ ಇತ್ತು, ಪಾಪ.

ಹೊನ್ನಾಳಿಯಿಂದ ಜಗಳೂರಿನ ತಂಕ ನನ್ನ ಬ್ಯಾಂಡ್ ಯಾರೂ ಕರೀದಂಗೆ ಮಾಡ್ತೀರಾ? ಮಾಡ್ರಿ. ಹುಚ್ಚು ನಂದು, ಅನುಭವಿಸ್ತೀನಿ.

ಏನು? ಸಣ್ಣಪ್ಪನ್ನ ಕೇಳ್ಕಂಡೇ ಬಂದ್ರಾ? ಆ ಹೊತ್ನಾಗೆ ಶಹನಾಯಿ ಒಂದೇ ಮೆತ್ತಗೆ ನುಡೀಬೇಕಿತ್ತು, ಜೋರು ಭಾಗ ಕೊನೆಗೆ ಅಂದ್ನಾ? ಅವ್ನಿಗೆ ವಯಸ್ಸಾತು ಬಿಡ್ರಿ. ಮರೆವು...

ಹಂಗೆ ನೋಡಬ್ಯಾಡ್ರಿ. ಬೈತಿದ್ರಲ್ಲ, ಬೈರಿ... ಏನು? ಅವತ್ತು ನಿಮ್ಮನ್ನ ಕಂಡ್ನಾ ಅಂತೀರಾ?

...ಹೂಂ. ಕಂಡೆ. ಸೋದರಮಾವ ಅಂತ ಒಂದು ಕುರ್ಚಿ ಕೊಡ್ಲಿಲ್ಲ ಬೀಗ್ರು. ಕಂಬಕ್ಕೆ ಒರಗಿ ನಿಂತಿದ್ರಿ, ಮುಖ ಕೆಂಪಗಾಗಿತ್ತು. ಆಮೇಲೆ ಮುಂದೆ ಬಂದು "ನಿಲ್ಲಿಸ್ರಿ ಈ ಮದ್ವೇನ" ಅಂತ ಬಾಯಿ ತೆರೆದ್ರಿ. ಮದುವಣಗಿತ್ತಿ ಹುಡುಗಿ ನಿಮ್ಮ ಕಡೆನೇ ನೋಡ್ತಿದ್ಲು ರೀ. ನನಗೆ ತಡಕಳಾಕೆ ಆಗ್ಲಿಲ್ಲ, ಕೋಲೆತ್ತಿದೆ. ಕೆಟ್ಟ ಸದ್ದು ಕೇಳಬಾರ್ದು ಅಂತಲೇ ಅಲ್ವಾ ಗಟ್ಟಿಮೇಳ ಇರೋದು?

ಯಾರಿಗಾದ್ರೂ ಕೇಳಿಸ್ತಾ ಅಂತ ತಿಳ್ಕಳಾಕೆ ಬಂದ್ರಿ ನೀವು, ಬೈಯಾಕಲ್ಲ. ನನ್ನ ಬಿಟ್ಟು ಯಾರಿಗೂ ಕೇಳಿಸ್ಲಿಲ್ಲ. ಸಣ್ಣಪ್ಪಗೂ ಹೇಳಿಲ್ಲ ನಾನು. ಸಿಂಫೋನಿ ಮದ್ವೆ ಕೆಡಿಸ್ತು ಅಂತಾರೆ ಜನ, ಅನ್ನಲಿ.

ಕಣ್ಣೊರೆಸ್ಕಳ್ರಿ. ಡ್ರಮ್ ತೆಗೆದೆ, ಬರ್ರಿ... ಹಾಂ, ಹಂಗೆ ಕುಂತ್ಕಳ್ರಿ. ಅವತ್ತು ಆ ಸಿಂಫೋನಿ ಅರ್ಧಕ್ಕೇ ನಿಂತೋತು. ಈ ಕ್ಲಾರಿನೆಟ್ಟಿನಾಗೆ ನುಡಿಸ್ತೀನಿ, ಕೊನೇತಂಕ ನೀವಾದ್ರೂ ಕೇಳ್ರಿ.