ಕ್ವಿಂಟಲ್ ಸಕ್ಕರೆಗೆ ಎಷ್ಟು ಬೂದಿ

ಸಿಂದಗಿ ಬಸ್ ನಿಲ್ದಾಣದಲ್ಲಿ ತಾಂಬಾ ಬಸ್ಸಿಗೆ ಕಾಯುತ್ತಿದ್ದ ಮೆಹರುನ್ನಿಸಾಳ ಪಕ್ಕದಲ್ಲೇ ಗಂಡ ಹೆಂಡತಿ ಇಬ್ಬರು ಮಾತಿಗೆ ಬಿದ್ದಿದ್ದರು. ಹೆಂಡತಿ ತವರಿಗೆ ಬಂದವಳು, ಮಡಿಲಲ್ಲಿ ಕೂಸಿತ್ತು. ಗಂಡನ ಮೈಮೇಲೆ ಸಕ್ಕರೆ ಕಾರ್ಖಾನೆಯ ಅಂಗಿ. ಅವನು ಕರೆದೊಯ್ಯಲು ಬಂದಿದ್ದ. ಅವಳು ಏಳುವ ಹಾಗೆ ಕಾಣಲಿಲ್ಲ.

“ಕಾರ್ಖಾನಿ ಚಿಮಣಿ ಬೂದಿ ಕಡಿಮಿ ಆಗೇತಿ, ಸುನೀತಾ. ಲೆಕ್ಕ ಮಾಡವ್ರು ಬಂದು ಸುತ್ತಲಿನ ಎಲ್ಲಾ ಕಾರ್ಖಾನಿ ನೋಡ್ಯಾರ. ನಮ್ಮದ ಮೊದಲನೇ ನಂಬರ.”

“ಹಂಗಾದ್ರ ಅಂಗಳದಾಗ ಬೀಳಂಗಿಲ್ಲೇನ್ರಿ?”

“ಬೀಳ್ತೈತಿ. ಆದ್ರ ಒಂದು ಕ್ವಿಂಟಲ್ ಸಕ್ಕರಿಗೆ ಏಳೋ ಬೂದಿ ಅರ್ಧಕ್ಕ ಇಳದೈತಿ.”

“ಸಕ್ಕರಿ ಎಷ್ಟ ತೆಗೀತೀರಿ ಈಗ?”

“ಹೋದ ವರ್ಷದ ಮೂರು ಪಟ್ಟು.”

“ಮತ್ತ ಬೂದಿ ಹೆಚ್ಚಾತಲ್ರಿ.”

ಗಂಡ ಬೆರಳು ಮಡಚಿದ, ಬಿಚ್ಚಿದ. “ಹೆಚ್ಚೂ ಆಗೇತಿ, ಕಡಿಮೀನೂ ಆಗೇತಿ. ನನಗೂ ತಿಳಿವಲ್ದು.”

“ನಿಮಗ ತಿಳಿವಲ್ದು, ಈ ಕೂಸಿಗೆ ನಾ ಏನಂತ ತಿಳಿಸಿ ಹೇಳ್ಲಿ? ಇಲ್ಲಿ ಬಂದ ಮ್ಯಾಲ ಇದರ ಕೆಮ್ಮು ನಿಂತೈತಿ.”

ಮೆಹರುನ್ನಿಸಾ ಬಂದ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಗಂಡ ಹತ್ತಬೇಕಿದ್ದ ಆಲಮೇಲದ ಬಸ್ಸು ಬಂತು. ಸುನೀತಾ ಚೀಲದಿಂದ ಕೂಸಿನ ಬಿಳಿ ಕುಲಾವಿಯೊಂದನ್ನು ತೆಗೆದು ಗಂಡನ ಕೈಗಿಟ್ಟಳು.

“ಇದನ್ನ ಮಾಳಗಿ ಮ್ಯಾಲ ಒಣಹಾಕ್ರಿ. ಬೆಳ್ಳಗ ಉಳದ್ರ ಫೋನ್ ಮಾಡ್ರಿ, ಬರ್ತೇನಿ.”

ಅವನು ಬಸ್ಸು ಹತ್ತಿ ಕಿಟಕಿಯಿಂದ ತಲೆ ಹೊರಹಾಕಿದ.

“ಗಾಳಿ ನಮ್ಮ ಕಡೆ ಬೀಸೋ ದಿನಾ ಹಾಕ್ಲೋ, ಆ ಕಡೆ ಬೀಸೋ ದಿನಾ ಹಾಕ್ಲೋ?”

“ಕೂಸು ಎಲ್ಲಾ ದಿನಾನೂ ಅಲ್ಲೇ ಇರ್ತೈತಲ್ರಿ” ಎಂದು ಸುನೀತಾ ಹೇಳುವಷ್ಟರಲ್ಲಿ ಬಸ್ಸು ಗೇಟು ದಾಟಿತ್ತು. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಆಟೋಗಳು ನಿಂತಿದ್ದ ಕಡೆ ನಡೆದಳು.