ಕೊನೇ ಸೋಬಾನೆ

ಮಗಳ ಮದುವೆಯ ಜವಳಿ ಮುಗಿಸಿ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಕೂತಿದ್ದ ತೂಬಗೆರೆಯ ಪಾಪಯ್ಯನ ಬೆನ್ನಿಗೇ ಸೋಬಾನೆ ಹಾಡುವ ಲಕ್ಕಮ್ಮ, ದ್ಯಾವಮ್ಮ ಎಲೆಅಡಿಕೆ ಮೆಲ್ಲುತ್ತಿದ್ದರು. ಅವರಿಗೆ ಇವನ ಗುರುತಿರಲಿಲ್ಲ.

"ಲಕ್ಕಕ್ಕಾ, ಫಾರಿನ್ನಲ್ಲಿ ನಾಕು ಜನ ಹಾಡೋರಂತೆ. ಹಾಡೋದು ಬಿಡ್ತೀವಿ ಅನ್ನೋಕೇ ಲೋಕವೆಲ್ಲ ಸುತ್ತಿ ಹಾಡ್ತಾರಂತೆ."

"ಬಿಡೋರು ಮನೇಲಿ ಕೂತ್ಕೋಬೇಕಪ್ಪ."

"ಕೊನೇದು ಅಂದ್ರೆ ಜನ ಮುಗಿಬೀಳ್ತಾರಂತೆ."

"ನಮಗೇ ಹೇಳ್ಕೊಡ್ತೀಯಾ? ನಲ್ಲೂರಲ್ಲಿ ಇದೇ ಕೊನೇದು ಅಂದಿದ್ದಕ್ಕೆ ತಾನೇ ಸೀರೆ ಕೊಟ್ಟಿದ್ದು?"

"ಜಡಿಗೇನಹಳ್ಳೀಲೂ ಕೊಟ್ರು. ನಾಡಿದ್ದು ತೂಬಗೆರೇಗೆ ಏನಂದೆ?"

"ಅಲ್ಲಿಗೂ ಅದೇ. ಕರೆಯೋಕೆ ಬಂದಿದ್ದ ಹೆಣ್ಣಿನ ತಾಯಿ ಅತ್ತೇಬಿಟ್ಳು."

"ಆಮೇಲೆ?"

"ಆಮೇಲಿನ್ನೇನು, ಮುಂದಿನ ವಾರ ಹೊಸಕೋಟೇಲಿ ಕೊನೇದು."

ದೇವನಹಳ್ಳಿ ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು. ಪಾಪಯ್ಯ ಗಂಟು ಬಿಚ್ಚಿ, ಹೆಂಡತಿ ಅಳುತ್ತ ಹೇಳಿದ್ದಕ್ಕೆ ಆ ಇಬ್ಬರಿಗೆಂದೇ ಕೊಂಡಿದ್ದ ಸೀರೆಗಳನ್ನು ಮುಟ್ಟಿ ನೋಡಿದ. ಎರಡೂ ಅಪ್ಪಟ ರೇಷ್ಮೆ.