ಸಿಹಿನೀರು, ಸವಳು ನೀರು

…ಹೊಡೀತಿದ್ದ ಅಂತಲ್ಲ ಕಣ್ರೋ ಮೊಮ್ಮಕ್ಳಾ, ನಮ್ಮಪ್ಪ ನನ್ ಮೇಲೆ ಕೈ ಎತ್ತಿದೋನೇ ಅಲ್ಲ, ಆದ್ರೆ ಬಣ್ಣದ ಹಂಡೆ ಮಾತ್ರ ಮುಟ್ಟೋಕೆ ಬಿಡ್ತಿರ್ಲಿಲ್ಲ. ಮೊಳಕಾಲ್ಮೂರಾಗೆ ರೇಷ್ಮೆಗೆ ಬಣ್ಣ ಹಾಕೋ ಮನೆ ನಮ್ದು. ಹೆಣ್ಣುಮಕ್ಳು ನೀರು ಹೊರಬೇಕು, ರೇಷ್ಮೆ ನೂಲಿನ ಲಡಿ ಒಗೀಬೇಕು, ಒಣಗಿಸಬೇಕು. ಬಣ್ಣದ ಹದ ಮಾತ್ರ ಕೇಳಂಗಿಲ್ಲ. ಯಾಕೆ? ಕೊಟ್ಟ ಮನೆಗೆ ಹೋಗೋಳು, ಗುಟ್ಟೂ ಹೊತ್ಕೊಂಡು ಹೋಗ್ತಾಳೆ ಅಂತ.

ಒಂದ್ ಬ್ಯಾಸಿಗೆ, ನನಗೆ ಹನ್ನೆರಡು, ಅಲ್ಲ, ಹದಿಮೂರು, ಅರಗು ಬೇಯಿಸಿ ತೆಗೆಯೋ ಕೆಂಪು ಬಣ್ಣ ಇದ್ದಕ್ಕಿದ್ದಂಗೆ ಕೆಟ್ಟೋಯ್ತು. ಅದ್ದಿದ ಲಡಿ ನೇರಳೆಹಣ್ಣಿನಂಗೆ ಕಪ್ಪಗೆ ಬಂತು. ಮನೆಯೋರೆಲ್ಲ ನನ್ ಕಡೆ ಬೆರಳು ತೋರ್ಸಿ, "ಇವಳು ನೀರು ಸುರಿಯೋಕೆ ಬಣ್ಣದ ಕೋಣೆ ಒಳಗೆ ಬಂದಿದ್ಲು, ಹೆಣ್ಣಿನ ನೆಳ್ಳು ಬಿದ್ದೈತೆ" ಅಂದ್ಬಿಟ್ರು. ನನ್ನ ಬಿಡಿಸಿ ನಮ್ಮಣ್ಣ ತಿಪ್ಪಣ್ಣನ್ನ ನೀರಿಗೆ ಹಚ್ಚಿದ್ರು. ಮಾರನೇ ದಿನಾನೂ ಕಪ್ಪೇ. ನಾನು ಒಳಗೆ ಕಾಲೇ ಇಟ್ಟಿಲ್ಲವಲ್ಲ, ಮತ್ಯಾಕೆ? ಯೋಚ್ನೆ ಮಾಡ್ದೆ, ಮಾಡ್ದೆ. ಸಿಹಿನೀರು ಬಾವಿ ದೂರ ಅಂತ, ಆ ವಾರದಿಂದ ಹತ್ರದ ಸವಳು ಬಾವಿ ನೀರು ತರ್ತಿದ್ವಿ ನೋಡ್ರಿ. ಅಂಗಳದಾಗೆ ಉದುರಿದ್ದ ಅರಗಿನ ಪುಡಿ ಗುಡಿಸ್ಕೊಂಡು, ಎರಡು ಕುಡಿಕೇಲಿ ಎರಡು ಬಾವಿ ನೀರು ಹಾಕಿ, ಒಂದೊಂದು ಎಳೆ ರೇಷ್ಮೆ ಬೇಯಿಸ್ದೆ. ಸಿಹಿನೀರಿಂದು ಕೆಂಪು, ಸವಳಿಂದು ಕಪ್ಪು.

ಅಪ್ಪನ ಮುಂದೆ ಹಿಡಿದೆ. ಎರಡೂ ಎಳೆ ಬಿಸಿಲಿಗೆ ಹಿಡಿದು ನೋಡ್ದ. ಮಾರನೇ ದಿನದಿಂದ ಸಿಹಿನೀರು ಬಂತು, ಕೆಂಪೂ ಬಂತು. ನಮಗೆ ಬಣ್ಣಕ್ಕೆ ರೇಷ್ಮೆ ಕೊಡೋ ಚಳ್ಳಕೆರೆ ಸಾವ್ಕಾರ ಬಂದು ಬಣ್ಣ ಹೊಗಳಿದ್ರೆ, ನೀರಿನ ದೋಷ ನಮ್ಮ ಹುಡುಗ ತಿಪ್ಪಣ್ಣ ಕಂಡುಹಿಡ್ದ ಅಂದ ಅಪ್ಪ. ನಾನು ಬಾಗಿಲ ಹಿಂದೇನೇ ಇದ್ದೆ. ಅವತ್ತು ಮುದ್ದೆ ಮುಟ್ಲಿಲ್ಲ. ಅಪ್ಪ ತಾನೇ ತಟ್ಟೆ ತಂದು ಪಕ್ಕದಾಗೆ ಕುಂತ. ಹೆಣ್ಣುಹುಡುಗಿ ಹೇಳಿದ್ಲು ಅಂದ್ರೆ ಯಾರೂ ರೇಷ್ಮೆ ಕೊಡಲ್ಲ ಕಣವ್ವ ಅಂದ.

"ಕೊಡದಿದ್ರೆ ಬ್ಯಾಡ. ನಾನು ಇಲ್ಲವೇ ಇಲ್ಲ ಅನ್ನಂಗೆ ಯಾಕ್ ಮಾಡ್ದೆ ಅಪ್ಪ?" ಅಂದೆ.

ಮುಂದಿನ ಸಲ ಸಾವ್ಕಾರ ಬಂದಾಗ ಅಪ್ಪ ನನ್ನ ಕರೆದು ಪಕ್ಕ ನಿಲ್ಲಿಸ್ಕೊಂಡ. ನೆತ್ತಿ ಮೇಲೆ ಅಂಗೈ ಇಟ್ಟು, "ಕಂಡುಹಿಡ್ದೋಳು ಇವಳು ಸಾವ್ಕಾರ್ರೆ, ಅವನಲ್ಲ" ಅಂದ. ಸಾವ್ಕಾರ ನಕ್ಕ. ತಂದಿದ್ದ ಲಡಿ ಗಂಟು ಹಂಗೇ ಎತ್ಕೊಂಡು ಹೋದ. ಆದ್ರೂ ಅಪ್ಪ ಕೈನ ನನ್ ನೆತ್ತಿ ಮೇಲಿಂದ ತೆಗೀಲಿಲ್ಲ. ಆ ಕೈ ಬಿಸಿ ಈಗ್ಲೂ ಐತೆ ನನಗೆ.

ಹಂಡೆ ಮುಟ್ಟೋಕೆ ಬಿಟ್ನಾ? ಇಲ್ಲ. ಅದಕ್ಕೆ ಮಾತ್ರ ಅವನಿಗೆ ಎದೆ ಸಾಲ್ಲಿಲ್ಲ, ಪಾಪ. ಅದು ಇವತ್ತಿಗೂ ನೋಯ್ತೈತೆ. ಅದಕ್ಕೇ ಹೇಳೋದು, ಲೇ ಹುಡುಗಾ, ನಿನ್ ತಂಗಿ ಮಾಡಿದ್ದನ್ನ ತಂಗಿ ಮಾಡಿದ್ಲು ಅನ್ನು. ಅಷ್ಟು ಅಂದು ಸುಮ್ನಾಗಬ್ಯಾಡ, ಅತ್ತಾಗೆ ಸರ್ಕೊಂಡು ಅವಳಿಗೂ ಜಾಗ ಕೊಡು.